ತೆರೆದಿಟ್ಟ ಎಕ್ಸೆಲ್‌ಗೆ ಸ್ಕ್ರಿಪ್ಟ್ ಜೋಡಿಸಲು ಯಾವ ದಾರಿ ಹಿಡಿಯಬೇಕು?

ವಿಜಯಪುರದಲ್ಲಿ ಒಣದ್ರಾಕ್ಷಿ ಸೀಸನ್ ಶುರುವಾದರೆ ಅಡತಿ ಅಂಗಡಿಯ ಎಕ್ಸೆಲ್ ಫೈಲಿಗೆ ಬಿಡುವಿಲ್ಲ. ಬೆಳಿಗ್ಗೆ ತೆರೆದರೆ ಮುಚ್ಚುವುದು ರಾತ್ರಿಗೇ. ತಿಕೋಟಾ, ಬಬಲೇಶ್ವರ ಕಡೆಯ ಮಾಲು ಇಳಿಯುತ್ತಾ ಇರುತ್ತದೆ. ಮುನೀಮರು ಲಾಟ್ ನಂಬರ್, ರೈತರ ಹೆಸರು, ಬಾಕ್ಸ್, ತೂಕ, ದರ ಎಂದು ಸಾಲು ತುಂಬುತ್ತಾ ಹೋಗುತ್ತಾರೆ. ಪಕ್ಕದಲ್ಲೇ ರೈತರು ನಿಂತಿರುತ್ತಾರೆ. ಅವರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬೇಕು. ಹಮಾಲಿ, ತೂಕದ ಖರ್ಚು ಕಳೆದು ಕೈಗೆ ಎಷ್ಟು ಬರುತ್ತದೆ ಎಂಬ ಲೆಕ್ಕ ಬೇಕು. ಆ ಗದ್ದಲದಲ್ಲಿ ಫೈಲ್ ಮುಚ್ಚಿ, ಸ್ಕ್ರಿಪ್ಟ್ (ಲೆಕ್ಕ ತೆಗೆಯುವ ಪುಟ್ಟ ಪ್ರೋಗ್ರಾಂ) ಓಡಿಸಿ, ಮತ್ತೆ ತೆರೆಯಿರಿ ಎಂದು ಯಾರಿಗೆ ಹೇಳುವುದು?

ಹಾಗಾಗಿ ಫೈಲ್ ತೆರೆದೇ ಇರಬೇಕು, ಸ್ಕ್ರಿಪ್ಟ್ ಅದರೊಳಗಿಂದಲೇ ಲೆಕ್ಕ ತೆಗೆಯಬೇಕು. ನಾನು ಇಂಥ ಅಂಗಡಿಗಳಿಗೆ ಸ್ಕ್ರಿಪ್ಟ್ ಬರೆದುಕೊಡುತ್ತೇನೆ. ಇದಕ್ಕೆ ಇರುವ ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಯಾವುದು ಎಲ್ಲಿ ಕೈ ಕೊಡುತ್ತದೆ, ಕೈ ಕೊಟ್ಟಾಗ ಎಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಪ್ರಶ್ನೆ

ನಿಮಗೆ ಸೇವ್ ಆದದ್ದು ಮಾತ್ರ ಸಾಕಾ, ಇನ್ನೂ ಸೇವ್ ಆಗದ್ದೂ ಬೇಕಾ?

ಎಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿದೆ. ಎಕ್ಸೆಲ್ ತೆರೆದಾಗ ಹಾಳೆ ಎರಡು ಕಡೆ ಇರುತ್ತದೆ. ಒಂದು, ಡಿಸ್ಕಿನಲ್ಲಿರುವ ಫೈಲ್. ಇನ್ನೊಂದು, ಎಕ್ಸೆಲ್‌ನ ಮೆಮೊರಿಯಲ್ಲಿರುವ ಈ ಕ್ಷಣದ ಹಾಳೆ. ಕಂಟ್ರೋಲ್ ಎಸ್ ಒತ್ತುವವರೆಗೆ ಇವೆರಡೂ ಬೇರೆ ಬೇರೆ. ಡಿಸ್ಕಿನ ಫೈಲ್ ಓದುವ ಲೈಬ್ರರಿಗೆ (ಸ್ಕ್ರಿಪ್ಟಿನಲ್ಲಿ ಬಳಸುವ ಸಿದ್ಧ ಕೋಡಿಗೆ) ಮೆಮೊರಿಯಲ್ಲಿ ಏನಿದೆ ಎಂದು ಗೊತ್ತಾಗುವುದೇ ಇಲ್ಲ. ಮೆಮೊರಿಯದ್ದು ಬೇಕೆಂದರೆ ಎಕ್ಸೆಲ್‌ನ ಜೊತೆಗೇ ಮಾತಾಡಬೇಕು.

ನನ್ನ ಬಳಿ ಬರುವವರಲ್ಲಿ ಜಾಸ್ತಿ ಜನ ಎರಡನೆಯದರ ಹಿಂದೆ ಬಿದ್ದಿರುತ್ತಾರೆ. ಅವರ ಕೆಲಸಕ್ಕೆ ಮೊದಲನೆಯದೇ ಸಾಕಾಗಿರುತ್ತದೆ. ದಿನಕ್ಕೊಮ್ಮೆ ಸಂಜೆ ಮೊತ್ತ ತೆಗೆಯಬೇಕಷ್ಟೇ ಎಂದಾದರೆ ತೆರೆದ ಎಕ್ಸೆಲ್‌ಗೆ ಜೋಡಿಸುವ ತಾಪತ್ರಯವೇ ಬೇಡ.

ಡಿಸ್ಕಿನ ಫೈಲ್ ಓದುವ ದಾರಿ: ಓಪನ್‌ಪೈಎಕ್ಸ್‌ಎಲ್, ಪಾಂಡಾಸ್

ಇವೆರಡೂ ಪೈಥಾನ್ ಭಾಷೆಯ ಲೈಬ್ರರಿಗಳು, ಪೈಥಾನ್ ಬಲ್ಲವರಿಗೆ ಗೊತ್ತಿರುವುದೇ. ಎಕ್ಸೆಲ್ ಇನ್‌ಸ್ಟಾಲ್ ಆಗಿರಬೇಕಿಲ್ಲ. ವಿಂಡೋಸ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತವೆ. ಮುನೀಮರ ಫೈಲ್ ತೆರೆದಿದ್ದರೂ ಓದುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಆದರೆ ಅದೇ ಫೈಲಿಗೆ ಬರೆಯಲು ಹೋದರೆ ಪರ್ಮಿಷನ್ ಎರರ್ 13 ಬರುತ್ತದೆ. ಅದು ಬರುವುದು ಒಳ್ಳೆಯದೇ, ಎಕ್ಸೆಲ್ ತನ್ನ ಫೈಲನ್ನು ಕಾಯುತ್ತಿದೆ ಎಂದು ಅರ್ಥ. ಫೈಲ್ ಪಕ್ಕದಲ್ಲಿ ~$ ಚಿಹ್ನೆಯಿಂದ ಶುರುವಾಗುವ ಒಂದು ಅಡಗಿದ ಫೈಲ್ ಕಂಡರೆ ಅದನ್ನು ಯಾರೋ ತೆರೆದಿದ್ದಾರೆ ಎಂದು ತಿಳಿಯಿರಿ. ಅದನ್ನು ಅಳಿಸಿ ದಾರಿ ಮಾಡಿಕೊಳ್ಳಲು ಹೋಗಬೇಡಿ. ಸ್ಕ್ರಿಪ್ಟಿನ ಉತ್ತರವನ್ನು ಬೇರೆ ಫೈಲಿಗೆ ಬರೆಯಿರಿ.

ಸೂತ್ರಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಓಪನ್‌ಪೈಎಕ್ಸ್‌ಎಲ್ ಲೆಕ್ಕ ಮಾಡುವುದಿಲ್ಲ. ಸುಮ್ನೆ ಓದಿದರೆ ಸೂತ್ರವನ್ನೇ ಕೊಡುತ್ತದೆ. ಡೇಟಾ ಓನ್ಲಿ ಎಂಬ ಆಯ್ಕೆ ಹಾಕಿದರೆ ಎಕ್ಸೆಲ್ ಕೊನೆಯ ಸಲ ಸೇವ್ ಮಾಡಿದಾಗ ಬಂದಿದ್ದ ಉತ್ತರ ಸಿಗುತ್ತದೆ. ಆ ಫೈಲನ್ನು ಕೊನೆಗೆ ಸೇವ್ ಮಾಡಿದ್ದು ಓಪನ್‌ಪೈಎಕ್ಸ್‌ಎಲ್ ಆಗಿದ್ದರೆ ಆ ಜಾಗ ಖಾಲಿ ಇರುತ್ತದೆ. "ಎಲ್ಲಾ ಮೊತ್ತ None (ಖಾಲಿ) ಅಂತ ಬರ್ತಿದೆ" ಎನ್ನುವವರ ಕಷ್ಟ ಬಹುತೇಕ ಇದೇ.

ಹಳೆಯ ಡಾಟ್ ಎಕ್ಸ್‌ಎಲ್‌ಎಸ್ ಫೈಲುಗಳಿಗೆ ಎಕ್ಸ್‌ಎಲ್‌ಆರ್‌ಡಿ ಎಂಬ ಲೈಬ್ರರಿ ಬೇಕು. 2020ರ ಡಿಸೆಂಬರಿನಲ್ಲಿ ಬಂದ ಅದರ 2.0 ಆವೃತ್ತಿ ಹೊಸ ಮಾದರಿಯ ಫೈಲ್ ಓದುವುದನ್ನು ಬಿಟ್ಟಿತು. ಹಳೆ ಸ್ಕ್ರಿಪ್ಟ್ ಹೊಸ ಕಂಪ್ಯೂಟರಿನಲ್ಲಿ ನಿಂತುಹೋದರೆ ಇದನ್ನೂ ನೋಡಿ.

ಎಕ್ಸೆಲ್ ಜೊತೆ ನೇರ ಮಾತು: ಪೈವಿನ್32

ಈಗ ಮೆಮೊರಿಯ ಹಾಳೆ. ವಿಂಡೋಸ್‌ನಲ್ಲಿ ಕಾಮ್ ಎಂಬ ವ್ಯವಸ್ಥೆಯ ಮೂಲಕ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುತ್ತದೆ. ಪೈಥಾನಿನಿಂದ ಅದನ್ನು ಬಳಸಲು ಪೈವಿನ್32 ಇದೆ. ಗೆಟ್ ಆ್ಯಕ್ಟಿವ್ ಆಬ್ಜೆಕ್ಟ್ ಎಂಬ ಒಂದೇ ಆಜ್ಞೆ. ಓಡುತ್ತಿರುವ ಎಕ್ಸೆಲ್ ಕೈಗೆ ಸಿಗಬೇಕು.

ಸಿಗದಿದ್ದಾಗ ಏನಾಗಿದೆ ಎಂದು ತಿಳಿಯಲು ಒಳಗಿನ ಒಂದು ವಿಷಯ ಗೊತ್ತಿರಬೇಕು. ಎಪಿಎಂಸಿ ಗೇಟಿನಲ್ಲಿ ಒಳಗೆ ಬಂದ ಗಾಡಿಯ ಎಂಟ್ರಿ ಬರೆದಿಡುತ್ತಾರಲ್ಲ, ಹಾಗೆ ವಿಂಡೋಸ್ ಕೂಡ ಓಡುತ್ತಿರುವ ಪ್ರೋಗ್ರಾಂಗಳ ಒಂದು ಪುಸ್ತಕ ಇಟ್ಟಿರುತ್ತದೆ. ಅದರ ಹೆಸರು ರನ್ನಿಂಗ್ ಆಬ್ಜೆಕ್ಟ್ ಟೇಬಲ್. ಸ್ಕ್ರಿಪ್ಟ್ ಆ ಪುಸ್ತಕ ನೋಡಿ ಎಕ್ಸೆಲ್ ಹುಡುಕುತ್ತದೆ. ಎಂಟ್ರಿ ಇಲ್ಲದಿದ್ದರೆ ಎಕ್ಸೆಲ್ ನಿಮ್ಮ ಕಣ್ಣ ಮುಂದೆಯೇ ತೆರೆದಿದ್ದರೂ ಸ್ಕ್ರಿಪ್ಟಿಗೆ ಅದು ಇಲ್ಲ. ಆಗ -2147221021 ಎಂಬ ಸಂಖ್ಯೆಯ ಜೊತೆ "ಆಪರೇಷನ್ ಅನ್‌ಅವೈಲಬಲ್" ಎಂದು ಬರುತ್ತದೆ.

ನನ್ನ ಅನುಭವದಲ್ಲಿ ಇದಕ್ಕೆ ದೊಡ್ಡ ಕಾರಣ ಅಡ್ಮಿನಿಸ್ಟ್ರೇಟರ್ ಅಧಿಕಾರ. ಮುನೀಮರು ಎಕ್ಸೆಲ್ ಅನ್ನು ಸಾಮಾನ್ಯವಾಗಿ ತೆರೆದಿರುತ್ತಾರೆ. ಸ್ಕ್ರಿಪ್ಟ್ ಓಡಿಸುವವರು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದಿರುತ್ತಾರೆ. ಅಧಿಕಾರ ಜಾಸ್ತಿ ಇದ್ದರೆ ಎಲ್ಲಾ ಕಾಣಬೇಕು ಅಲ್ವಾ ಎಂದು ಅನಿಸುತ್ತದೆ. ಆದರೆ ಇಲ್ಲಿ ಎರಡೂ ಗೇಟಿನ ಪುಸ್ತಕ ಬೇರೆ. ಒಂದರ ಎಂಟ್ರಿ ಇನ್ನೊಂದಕ್ಕೆ ಕಾಣುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಎಲಿವೇಟೆಡ್ ಎಂಬ ಕಾಲಂ ಸೇರಿಸಿಕೊಂಡರೆ ಯಾವುದು ಅಡ್ಮಿನ್ ಆಗಿ ಓಡುತ್ತಿದೆ ಎಂದು ಕಾಣುತ್ತದೆ. ಎರಡನ್ನೂ ಸಾಮಾನ್ಯ ಅಧಿಕಾರದಲ್ಲೇ ಓಡಿಸಿ. ಎರಡನ್ನೂ ಅಡ್ಮಿನ್ ಮಾಡುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಅದು ಬೇರೆ ಅಪಾಯಕ್ಕೆ ಬಾಗಿಲು ತೆಗೆದಂತೆ.

ಟಾಸ್ಕ್ ಶೆಡ್ಯೂಲರ್ ಬಳಸುವವರಿಗೂ ಇದೇ ಮಾತು. ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು ಎಂಬ ಆಯ್ಕೆ ಹಾಕಿದರೆ ಸ್ಕ್ರಿಪ್ಟ್ ಬೇರೆಯೇ ಸೆಷನ್ನಿನಲ್ಲಿ ಓಡುತ್ತದೆ. ಅಲ್ಲಿಂದ ಮುನೀಮರ ಎಕ್ಸೆಲ್ ಕಾಣುವುದಿಲ್ಲ. ಲಾಗಿನ್ ಆಗಿದ್ದಾಗ ಮಾತ್ರ ಓಡಿಸು ಎಂಬುದನ್ನು ಆರಿಸಿ. ಹೈಯೆಸ್ಟ್ ಪ್ರಿವಿಲೇಜ್ ಎಂಬ ಟಿಕ್ ಇದ್ದರೆ ತೆಗೆಯಿರಿ. ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ತೆರೆದಿರುವ ಎಕ್ಸೆಲ್ ಕೂಡ ಹೀಗೆ ಸಿಗುವುದಿಲ್ಲ. ಫೈಲ್ ನೆಟ್‌ವರ್ಕಿನಲ್ಲಿ ಹಂಚಿಕೊಂಡಿದ್ದರೂ ಅಷ್ಟೇ. ಎಂಟ್ರಿ ಪುಸ್ತಕ ಆಯಾ ಕಂಪ್ಯೂಟರಿನದ್ದೇ.

ಎರಡನೆಯ ಕಾರಣ ಸಣ್ಣದು, ಆದರೆ ತುಂಬಾ ಸತಾಯಿಸುತ್ತದೆ. ಎಕ್ಸೆಲ್ ತೆರೆದ ತಕ್ಷಣ ಎಂಟ್ರಿ ಮಾಡಿಸುವುದಿಲ್ಲ. ಒಮ್ಮೆ ಅದರಿಂದ ಗಮನ ಬೇರೆ ವಿಂಡೋಗೆ ಹೋದಾಗ ಮಾಡಿಸುತ್ತದೆ. ಇದನ್ನು ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಸ್ಕ್ರಿಪ್ಟಿನಿಂದಲೇ ಎಕ್ಸೆಲ್ ತೆರೆಸಿ ಮರುಕ್ಷಣವೇ ಹಿಡಿಯಲು ಹೋದರೆ ಸಿಗದಿರಬಹುದು. ಬೇರೆ ವಿಂಡೋ ಮೇಲೆ ಒಮ್ಮೆ ಕ್ಲಿಕ್ ಮಾಡಿ ಮತ್ತೆ ಓಡಿಸಿ ನೋಡಿ. ಆಗ ಸಿಕ್ಕರೆ ಕಾರಣ ಅದೇ.

ಇನ್ನು, ಎಕ್ಸೆಲ್ ಸಿಕ್ಕಿತು ಆದರೆ ಫೈಲ್ ಸಿಗಲಿಲ್ಲ ಎನ್ನುವುದು. ವರ್ಕ್‌ಬುಕ್ಸ್ ಕೌಂಟ್ (ತೆರೆದ ಫೈಲುಗಳ ಎಣಿಕೆ) ಕೇಳಿದರೆ ಸೊನ್ನೆ ಬರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಎರಡು ಎಕ್ಸೆಲ್ ಓಡುತ್ತಿರಬಹುದು. ಒಂದು ಮುನೀಮರದ್ದು. ಇನ್ನೊಂದು, ನಿನ್ನೆ ಅರ್ಧಕ್ಕೆ ಸತ್ತ ನಿಮ್ಮದೇ ಸ್ಕ್ರಿಪ್ಟ್ ಬಿಟ್ಟುಹೋದ ಅದೃಶ್ಯ ಎಕ್ಸೆಲ್. ಗೆಟ್ ಆ್ಯಕ್ಟಿವ್ ಆಬ್ಜೆಕ್ಟ್ ಮೊದಲು ಎಂಟ್ರಿ ಮಾಡಿಸಿದ್ದನ್ನೇ ಕೊಡುತ್ತದೆ, ನಿಮಗೆ ಬೇಕಾದ್ದನ್ನಲ್ಲ. 2013ರ ಆವೃತ್ತಿಯಿಂದ ಪ್ರತಿ ವರ್ಕ್‌ಬುಕ್ಕಿಗೂ ಬೇರೆ ವಿಂಡೋ ಇರುತ್ತದೆ. ಹಾಗಾಗಿ ಮೂರು ವಿಂಡೋ ಕಂಡರೂ ಎಕ್ಸೆಲ್ ಒಂದೇ ಇರಬಹುದು. ಕಣ್ಣಿಗೆ ಕಂಡದ್ದನ್ನು ನಂಬದೆ ಟಾಸ್ಕ್ ಮ್ಯಾನೇಜರಿನಲ್ಲಿ ಎಣಿಸಿ. ಆಲ್ಟ್ ಕೀ ಒತ್ತಿ ಹಿಡಿದು ಎಕ್ಸೆಲ್ ತೆರೆಯುವ ಅಭ್ಯಾಸ ಯಾರಿಗಾದರೂ ಇದ್ದರೆ ನಿಜವಾಗಿಯೂ ಎರಡನೆಯ ಎಕ್ಸೆಲ್ ಹುಟ್ಟುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಗೆಟ್ ಆಬ್ಜೆಕ್ಟ್ ಆಜ್ಞೆಗೆ ಫೈಲಿನ ಪೂರ್ತಿ ವಿಳಾಸ ಕೊಡುವುದು. ತೆರೆದ ಫೈಲುಗಳೂ ತಮ್ಮ ವಿಳಾಸದ ಹೆಸರಿನಲ್ಲಿ ಎಂಟ್ರಿ ಮಾಡಿಸಿರುತ್ತವೆ. ಯಾವ ಎಕ್ಸೆಲ್‌ನಲ್ಲಿದ್ದರೂ ಸಿಗುತ್ತದೆ. ಒಂದು ತೊಂದರೆ ಇದೆ. ಫೈಲ್ ತೆರೆದಿರದಿದ್ದರೆ ಈ ಆಜ್ಞೆ ತಾನೇ ತೆರೆದುಬಿಡುತ್ತದೆ, ಅದೂ ವಿಂಡೋ ಕಾಣದ ಹಾಗೆ. ಆಮೇಲೆ ಮುನೀಮರು ತೆರೆಯಲು ಹೋದರೆ ಯಾರೋ ಬಳಸುತ್ತಿದ್ದಾರೆ ಎಂದು ಬರುತ್ತದೆ. ಹಾಗಾಗಿ ~$ ಫೈಲ್ ಇದೆಯಾ ಎಂದು ಮೊದಲು ನೋಡಿ, ಇದ್ದರೆ ಮಾತ್ರ ಜೋಡಿಸಿ.

ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ ಎಕ್ಸೆಲ್ ಅದರ ವಿಳಾಸವನ್ನು ಸಿ ಡ್ರೈವಿನದ್ದಾಗಿ ಹೇಳುವುದಿಲ್ಲ, ಇಂಟರ್ನೆಟ್ ವಿಳಾಸವಾಗಿ ಹೇಳುತ್ತದೆ. ನೀವು ಎರಡನ್ನೂ ಹೋಲಿಸಿ ಹುಡುಕುತ್ತಿದ್ದರೆ ಎಂದಿಗೂ ಹೊಂದುವುದಿಲ್ಲ. ವಾಟ್ಸ್ಆ್ಯಪ್ ಅಥವಾ ಮೇಲ್‌ನಲ್ಲಿ ಬಂದ ಫೈಲ್ ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆದುಕೊಂಡಿದ್ದರೂ ವರ್ಕ್‌ಬುಕ್ಸ್ ಪಟ್ಟಿಯಲ್ಲಿ ಕಾಣದು. ಮೇಲಿನ ಹಳದಿ ಪಟ್ಟಿಯಲ್ಲಿ ಎನೇಬಲ್ ಎಡಿಟಿಂಗ್ ಒತ್ತಿದರೆ ಆಯಿತು.

ಬಹಳ ಜನ 32 ಬಿಟ್, 64 ಬಿಟ್ ವ್ಯತ್ಯಾಸದ ಮೇಲೆ ಅನುಮಾನ ಪಡುತ್ತಾರೆ. ಅದಕ್ಕಾಗಿ ಆಫೀಸನ್ನೇ ತೆಗೆದು ಮತ್ತೆ ಹಾಕಿದವರನ್ನು ನೋಡಿದ್ದೇನೆ. ಎಕ್ಸೆಲ್ ಬೇರೆ ಪ್ರೋಸೆಸ್ ಆಗಿ ಓಡುತ್ತದೆ. 64 ಬಿಟ್ ಪೈಥಾನ್ 32 ಬಿಟ್ ಎಕ್ಸೆಲ್ ಜೊತೆ ಚೆನ್ನಾಗಿಯೇ ಮಾತಾಡುತ್ತದೆ. ಆ ದಾರಿಗೆ ಹೋಗಿ ದಿನ ಕಳೆಯಬೇಡಿ. -2147221005 ಬಂದು "ಇನ್‌ವ್ಯಾಲಿಡ್ ಕ್ಲಾಸ್ ಸ್ಟ್ರಿಂಗ್" ಎಂದರೆ ಮಾತ್ರ ಎಕ್ಸೆಲ್ ಸರಿಯಾಗಿ ಇನ್‌ಸ್ಟಾಲ್ ಆಗಿದೆಯಾ ಎಂದು ನೋಡಿ. ಅಥವಾ ಆಜ್ಞೆಯಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿದೆಯಾ ಎಂದು ನೋಡಿ.

ಫೋನ್ ಬಂದಾಗ ನಿಲ್ಲುವ ಸ್ಕ್ರಿಪ್ಟ್

ಇದನ್ನು ಬೇರೆಯಾಗಿಯೇ ಹೇಳಬೇಕು. ಜೋಡಣೆ ಸರಿಯಾದ ಮೇಲೂ ಕಾಡುವುದು ಇದೇ.

ಒಂದು ಅಂಗಡಿಯಲ್ಲಿ ಸ್ಕ್ರಿಪ್ಟ್ ದಿನಕ್ಕೆ ಹತ್ತು ಸಲ ಸರಿಯಾಗಿ ಓಡುತ್ತಿತ್ತು. ಎರಡು ಸಲ -2147418111 ಎಂದು ಬಿದ್ದುಹೋಗುತ್ತಿತ್ತು. "ಕಾಲ್ ವಾಸ್ ರಿಜೆಕ್ಟೆಡ್ ಬೈ ಕಾಲೀ" ಎಂಬ ಸಂದೇಶ. ನಾನು ನೆಟ್‌ವರ್ಕ್ ನೋಡಿದೆ, ಆ್ಯಂಟಿವೈರಸ್ ನೋಡಿದೆ. ಕೊನೆಗೆ ಅಂಗಡಿಯಲ್ಲೇ ಒಂದು ಮಧ್ಯಾಹ್ನ ಕುಳಿತೆ. ಮುನೀಮರು ದರ ಹೊಡೆಯುತ್ತಿದ್ದರು. ಅರ್ಧ ಹೊಡೆಯುವಾಗ ಫೋನ್ ಬಂತು. ಎಂಟರ್ ಒತ್ತದೆ ಫೋನ್ ಎತ್ತಿಕೊಂಡರು. ಕರ್ಸರ್ ಸೆಲ್ಲಿನೊಳಗೆ ಮಿನುಗುತ್ತಾ ನಿಂತಿತು. ಅದೇ ಹೊತ್ತಿಗೆ ಸ್ಕ್ರಿಪ್ಟ್ ಬಂತು, ಬಿತ್ತು.

ಸೆಲ್ಲಿನೊಳಗೆ ಟೈಪ್ ಮಾಡುತ್ತಿರುವಾಗ ಎಕ್ಸೆಲ್ ಹೊರಗಿನವರ ಮಾತು ಕೇಳುವುದಿಲ್ಲ. ಸೇವ್ ಆ್ಯಸ್‌ನಂಥ ಡೈಲಾಗ್ ತೆರೆದಿದ್ದರೂ ಹಾಗೆಯೇ. ಇದು ದೋಷವಲ್ಲ, ಅರ್ಧ ಹೊಡೆದ ದರವನ್ನು ಯಾರೂ ಓದದಂತೆ ತಡೆಯುವ ಒಳ್ಳೆಯ ನಡೆ. 42 ಎಂದು ಹೊಡೆಯಬೇಕಾದಲ್ಲಿ 4 ಮಾತ್ರ ಹೊಡೆದಿದ್ದಾಗ ಪಟ್ಟಿ ಹೊರಟರೆ ರೈತರ ಗತಿ ಏನು?

ಪರಿಹಾರ ಎಂದರೆ ಕಾಯುವುದು. ಈ ಸಂಖ್ಯೆ ಬಂದರೆ ಒಂದು ಸೆಕೆಂಡ್ ನಿಂತು ಮತ್ತೆ ಕೇಳು ಎಂದು ಬರೆಯಿರಿ. ಒಂದು ನಿಮಿಷವಾದರೂ ಆಗದಿದ್ದರೆ "ದಯವಿಟ್ಟು ಎಂಟರ್ ಒತ್ತಿ" ಎಂದು ಪರದೆಯ ಮೇಲೆ ತೋರಿಸಿ. ಜೊತೆಗೆ ಒಂದೊಂದು ಸೆಲ್ ಬೇರೆ ಬೇರೆಯಾಗಿ ಓದಬೇಡಿ. ಇಡೀ ಹಾಳೆಯ ಬಳಸಿದ ಭಾಗವನ್ನು ಒಂದೇ ಸಲಕ್ಕೆ ತೆಗೆದುಕೊಳ್ಳಿ. ಸಾವಿರ ಸಲ ಬಾಗಿಲು ತಟ್ಟುವ ಬದಲು ಒಂದೇ ಸಲ ತಟ್ಟಿದಂತೆ. ವೇಗವೂ ಎಷ್ಟೋ ಪಟ್ಟು ಹೆಚ್ಚುತ್ತದೆ, ನಡುವೆ ತಿರಸ್ಕಾರವಾಗುವ ಸಂದರ್ಭವೂ ಕಡಿಮೆಯಾಗುತ್ತದೆ.

ಎಕ್ಸ್‌ಎಲ್‌ವಿಂಗ್ಸ್

ಪೈಥಾನ್‌ನಲ್ಲಿ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಈ ಲೈಬ್ರರಿಯನ್ನೇ. 2014ರಿಂದ ಇದೆ, ಉಚಿತ, ಮೂಲ ಕೋಡ್ ತೆರೆದಿದೆ. ವಿಂಡೋಸ್‌ನಲ್ಲಿ ಒಳಗೆ ಪೈವಿನ್32 ಅನ್ನೇ ಬಳಸುತ್ತದೆ. ಮ್ಯಾಕ್‌ನಲ್ಲೂ ಓಡುತ್ತದೆ. ಎರಡರಲ್ಲೂ ಎಕ್ಸೆಲ್ ಇನ್‌ಸ್ಟಾಲ್ ಆಗಿರಬೇಕು.

ಇದರ ದೊಡ್ಡ ಗುಣ, ಎಂಟ್ರಿ ಪುಸ್ತಕವನ್ನೊಂದೇ ನಂಬಿ ಕೂರುವುದಿಲ್ಲ. ವಿಂಡೋಸ್‌ನಲ್ಲಿ ತೆರೆದಿರುವ ಎಕ್ಸೆಲ್ ವಿಂಡೋಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಎರಡು ಎಕ್ಸೆಲ್ ಓಡುತ್ತಿದ್ದರೂ ಎರಡೂ ಕಾಣುತ್ತವೆ. ಆ್ಯಪ್ಸ್ ಎಂದು ಕೇಳಿದರೆ ಓಡುತ್ತಿರುವ ಎಕ್ಸೆಲ್‌ಗಳ ಹೆಸರುಪಟ್ಟಿ ಕೊಡುತ್ತದೆ. ಫೈಲಿನ ಹೆಸರು ಹೇಳಿದರೆ ಯಾವುದರಲ್ಲಿದೆಯೋ ಅದರಿಂದ ತಂದುಕೊಡುತ್ತದೆ. ಒಂದೇ ಫೈಲ್ ಎರಡು ಎಕ್ಸೆಲ್‌ನಲ್ಲಿ ತೆರೆದಿದ್ದರೆ ಯಾವುದು ಎಂದು ನೀವೇ ಹೇಳಬೇಕು. ಅದೂ ನ್ಯಾಯವೇ.

ಫೈಲಿನ ಹೆಸರು ಹೇಳದೆ ಆ್ಯಕ್ಟಿವ್, ಅಂದರೆ ಈಗ ಎದುರಿಗಿರುವುದು, ಎಂದು ಬರೆದು ಬಿಡುವುದು ಸುಲಭ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮುನೀಮರು ನಡುವೆ ಬೇರೆ ಯಾವುದೋ ಫೈಲ್ ತೆರೆದು ನೋಡಿದರೆ ಆ ಕ್ಷಣಕ್ಕೆ ಅದೇ ಆ್ಯಕ್ಟಿವ್. ಸ್ಕ್ರಿಪ್ಟ್ ತಪ್ಪು ಹಾಳೆಯಿಂದ ಪಟ್ಟಿ ಮಾಡುತ್ತದೆ, ಎರರ್ ಕೂಡ ಬರುವುದಿಲ್ಲ. ಫೈಲಿನ ಹೆಸರು, ಹಾಳೆಯ ಹೆಸರು ಎರಡನ್ನೂ ಹೇಳಿ ಹಿಡಿಯಿರಿ.

ಇನ್ನೊಂದು ಗೊತ್ತಿರಲಿ. ಎಕ್ಸೆಲ್ ತಿರಸ್ಕರಿಸಿದಾಗ ಎಕ್ಸ್‌ಎಲ್‌ವಿಂಗ್ಸ್ ಎರರ್ ಕೊಡುವ ಬದಲು ಒಳಗೊಳಗೇ ಮತ್ತೆ ಮತ್ತೆ ಕೇಳುತ್ತಾ ಇರುತ್ತದೆ. ನೋಡುವವರಿಗೆ ಸ್ಕ್ರಿಪ್ಟ್ ಹ್ಯಾಂಗ್ ಆದಂತೆ ಕಾಣುತ್ತದೆ. ಹ್ಯಾಂಗ್ ಆಯಿತು ಎಂದರೆ ಮೊದಲು ಎಕ್ಸೆಲ್ ಕಡೆ ನೋಡಿ, ಕರ್ಸರ್ ಮಿನುಗುತ್ತಿದೆಯಾ ಎಂದು.

ಎಕ್ಸೆಲ್ ಒಳಗೇ ಇರುವ ವಿಬಿಎ

ಜೋಡಿಸುವುದೇ ಕಷ್ಟ ಎಂದಾದರೆ ಒಳಗೇ ಇದ್ದುಬಿಡುವುದು ಒಂದು ದಾರಿ. ವಿಬಿಎ ಎಂದರೆ ಎಕ್ಸೆಲ್‌ನದ್ದೇ ಸ್ಕ್ರಿಪ್ಟ್ ಭಾಷೆ. ಅದರಲ್ಲಿ ಬರೆದ ಮ್ಯಾಕ್ರೋ ಅದೇ ಫೈಲಿನೊಳಗೆ ಇರುತ್ತದೆ. ಹುಡುಕುವುದಿಲ್ಲ, ಎಂಟ್ರಿ ಪುಸ್ತಕದ ಗೊಡವೆ ಇಲ್ಲ. ಹಾಳೆಯಲ್ಲೊಂದು ಬಟನ್ ಇಟ್ಟರೆ ಮುನೀಮರೇ ಒತ್ತುತ್ತಾರೆ. ಪಟ್ಟಿ ಪ್ರಿಂಟ್ ಮಾಡುವುದಷ್ಟೇ ಕೆಲಸವಾದರೆ ನಾನು ಪೈಥಾನ್ ಬಿಟ್ಟು ಇದನ್ನೇ ಆರಿಸುತ್ತೇನೆ.

ಆದರೆ ಫೈಲ್ ಕೈಯಿಂದ ಕೈಗೆ ಹೋದರೆ ಕಷ್ಟ. ಇಂಟರ್ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಟಿಕ್ ಮಾಡಬೇಕು. ನಿಮ್ಮದೇ ಫೈಲ್ ಎಂದು ಖಾತ್ರಿ ಇದ್ದರೆ ಮಾತ್ರ ಮಾಡಿ. ಮ್ಯಾಕ್ರೋ ಹಾಳೆಯನ್ನು ಬದಲಿಸಿದ ಮೇಲೆ ಕಂಟ್ರೋಲ್ ಜೆಡ್ ಹಿಂದಿನದ್ದನ್ನು ವಾಪಸ್ ತರುವುದಿಲ್ಲ. ಹೊರಗಿನ ಸ್ಕ್ರಿಪ್ಟ್ ಬರೆದಾಗಲೂ ಹಾಗೆಯೇ. ಅದಕ್ಕೇ ಮುನೀಮರು ಹೊಡೆಯುವ ಹಾಳೆಯಿಂದ ನಾನು ಓದುತ್ತೇನಷ್ಟೇ. ಬರೆಯುವುದಿದ್ದರೆ ಬೇರೆ ಹಾಳೆಗೆ.

ಮೈಕ್ರೋಸಾಫ್ಟಿನ ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್ ಕೂಡ ಇದೆ. ಒಂದೇ ಮಾತು ಸಾಕು: ವಿಂಡೋಸ್ ಜೊತೆಗೇ ಬರುವ 5.1ರಲ್ಲಿ ಗೆಟ್ ಆ್ಯಕ್ಟಿವ್ ಆಬ್ಜೆಕ್ಟ್ ಇದೆ, 7ರಲ್ಲಿ ಅದು ಸಿಗುವುದಿಲ್ಲ. ಹಳೆ ಸ್ಕ್ರಿಪ್ಟ್ 7ರಲ್ಲಿ ಓಡದಿದ್ದರೆ ತಪ್ಪು ನಿಮ್ಮದಲ್ಲ.

ಎಕ್ಸೆಲ್ ಇಲ್ಲದಿದ್ದರೆ

ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವ ಅಂಗಡಿಗಳೂ ಇವೆ. ದುಡ್ಡು ಕೊಡಬೇಕಿಲ್ಲ, ಕೆಲಸಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಇದು ತೆರೆದಿದೆ ಎಂದ ಮಾತ್ರಕ್ಕೆ ಹೊರಗಿನ ಸ್ಕ್ರಿಪ್ಟಿಗೆ ಕಿವಿ ಕೊಡುವುದಿಲ್ಲ. ತೆರೆಯುವಾಗಲೇ ಆಕ್ಸೆಪ್ಟ್ ಎಂಬ ಆಯ್ಕೆ ಕೊಟ್ಟು, ಇಂಥ ಪೋರ್ಟಿನಲ್ಲಿ ಕೇಳಿಸಿಕೋ ಎಂದು ಹೇಳಬೇಕು. 2002 ಎಂಬ ಪೋರ್ಟ್ ಹಾಕುವುದು ರೂಢಿ. ಹೇಳದಿದ್ದರೆ ಸ್ಕ್ರಿಪ್ಟಿಗೆ ನೋ ಕನೆಕ್ಟ್ ಎಕ್ಸೆಪ್ಷನ್ ಬರುತ್ತದೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಲ್ಲೇ ಆ ಆಯ್ಕೆ ಬರೆದಿಟ್ಟರೆ ಅದರಿಂದ ಯಾರು ತೆರೆದರೂ ಸರಿಯಾಗುತ್ತದೆ. ಹೋಸ್ಟ್ ಎಂದು ಕೇಳುವಲ್ಲಿ ಲೋಕಲ್‌ಹೋಸ್ಟ್ ಎಂದೇ ಹಾಕಿ, ಹೊರಗಿನ ಕಂಪ್ಯೂಟರಿಗೆ ಬಾಗಿಲು ತೆಗೆಯಬೇಡಿ. ವಿಂಡೋಸ್‌ನಲ್ಲಿ ಲಿಬ್ರೆಆಫೀಸ್ ತನ್ನದೇ ಪೈಥಾನ್ ಇಟ್ಟುಕೊಂಡಿರುತ್ತದೆ. ಯುನೋ (ಲಿಬ್ರೆಆಫೀಸ್ ಜೊತೆ ಮಾತಾಡಿಸುವ ಪೈಥಾನ್ ಭಾಗ) ಸಿಗುತ್ತಿಲ್ಲ ಎಂದು ಬಂದರೆ ಆ ಪೈಥಾನಿನಿಂದ ಓಡಿಸಿ.

ಗೂಗಲ್ ಶೀಟ್ಸ್‌ನಲ್ಲಿ ತೆರೆದಿದೆ, ಮುಚ್ಚಿದೆ ಎಂಬ ಭೇದವೇ ಇಲ್ಲ. ಎಂಟರ್ ಒತ್ತಿದ್ದು ಸರ್ವರಿಗೆ ಹೋಗುತ್ತದೆ, ಸ್ಕ್ರಿಪ್ಟ್ ಅಲ್ಲಿಂದ ಓದುತ್ತದೆ. ಅಡತಿ ಅಂಗಡಿಯಲ್ಲಿ ಒಬ್ಬರು, ಕೋಲ್ಡ್ ಸ್ಟೋರೇಜ್‌ನಲ್ಲಿ ಇನ್ನೊಬ್ಬರು ಒಂದೇ ಹಾಳೆ ತುಂಬುವುದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಪೈಥಾನಿನಿಂದ ಓದಲು ಸಾಮಾನ್ಯವಾಗಿ ಸರ್ವಿಸ್ ಅಕೌಂಟ್, ಅಂದರೆ ಸ್ಕ್ರಿಪ್ಟಿಗೆಂದೇ ಮಾಡಿದ ಗೂಗಲ್ ಖಾತೆ, ಬಳಸುತ್ತಾರೆ. ಅದಕ್ಕೊಂದು ಉದ್ದನೆಯ ಮೇಲ್ ವಿಳಾಸ ಇರುತ್ತದೆ. ಹಾಳೆಯನ್ನು ಆ ವಿಳಾಸಕ್ಕೆ ಶೇರ್ ಮಾಡಲು ಮರೆತರೆ 403 ಬರುತ್ತದೆ. ಹತ್ತರಲ್ಲಿ ಎಂಟು ಸಲ ಕಾರಣ ಇಷ್ಟೇ. 429 ಬಂದರೆ ಪದೇ ಪದೇ ಕೇಳುತ್ತಿದ್ದೀರಿ ಎಂದು ಅರ್ಥ. ಒಬ್ಬ ಬಳಕೆದಾರನಿಗೆ ನಿಮಿಷಕ್ಕೆ 60 ಸಲ ಓದುವ ಮಿತಿ ಇದೆ. ಸೆಲ್ ಸೆಲ್ ಓದುವುದು ಬಿಟ್ಟು ಒಟ್ಟಿಗೆ ಓದಿ. ಗೂಗಲ್‌ನದ್ದೇ ಆದ ಆ್ಯಪ್ಸ್ ಸ್ಕ್ರಿಪ್ಟ್ ಬಳಸಿದರೆ ಒಂದು ಓಟಕ್ಕೆ 6 ನಿಮಿಷದ ಮಿತಿ. ಹಾಳೆಯೊಳಗಿಂದ ಶುರು ಮಾಡಿದ ಸ್ಕ್ರಿಪ್ಟಿಗೆ ಮಾತ್ರ ಗೆಟ್ ಆ್ಯಕ್ಟಿವ್ ಸ್ಪ್ರೆಡ್‌ಶೀಟ್ ಕೆಲಸ ಮಾಡುತ್ತದೆ. ಬೇರೆಯಾಗಿ ಬರೆದದ್ದಕ್ಕೆ ಖಾಲಿ ಉತ್ತರ ಬರುತ್ತದೆ. ಆಗ ಓಪನ್ ಬೈ ಐಡಿ ಬಳಸಿ.

ಇಂಟರ್ನೆಟ್ ಹೋದರೆ ಮಾತ್ರ ಎಲ್ಲವೂ ನಿಲ್ಲುತ್ತದೆ. ಸೀಸನ್ ಮಧ್ಯೆ ಒಂದು ತಾಸು ಪಟ್ಟಿ ನಿಂತರೂ ನಡೆಯುತ್ತದಾ ಎಂದು ಅಂಗಡಿಯವರನ್ನು ಕೇಳಿ ಆಮೇಲೆ ಆರಿಸಿ.

ನಾನು ಕಳೆದುಕೊಂಡ ಒಂದು ಮಧ್ಯಾಹ್ನ

ಯಾವ ದಾರಿ ಹಿಡಿದರೂ ಇದನ್ನು ಓದಿಕೊಳ್ಳಿ. ಮೊದಲ ಸೀಸನ್ನಿನಲ್ಲಿ ನನ್ನ ಸ್ಕ್ರಿಪ್ಟ್ ತಾನೇ ಎಕ್ಸೆಲ್ ತೆರೆದು, ಕೆಲಸ ಮುಗಿಸಿ, ಮುಚ್ಚುತ್ತಿತ್ತು. ನಡುವೆ ಪ್ರಶ್ನೆ ಕೇಳಬಾರದೆಂದು ಡಿಸ್‌ಪ್ಲೇ ಅಲರ್ಟ್ಸ್ ಆಫ್ ಮಾಡಿಟ್ಟಿದ್ದೆ. ಆಮೇಲೆ ತೆರೆದ ಎಕ್ಸೆಲ್‌ಗೆ ಜೋಡಿಸುವಂತೆ ಮೊದಲ ಸಾಲುಗಳನ್ನು ಬದಲಿಸಿದೆ. ಕೊನೆಯ ಸಾಲಿನ ಕ್ವಿಟ್ ಹಾಗೆಯೇ ಉಳಿಯಿತು.

ಸ್ಕ್ರಿಪ್ಟ್ ಓಡಿತು. ಪಟ್ಟಿ ಚೆನ್ನಾಗಿ ಬಂತು. ಎಕ್ಸೆಲ್ ಮುಚ್ಚಿಕೊಂಡಿತು, ಸೇವ್ ಮಾಡಲಾ ಎಂದು ಕೇಳಲೇ ಇಲ್ಲ. ಮುನೀಮ ಕಾಕಾ ಊಟ ಮುಗಿಸಿ ಬಂದವರು ಹೊಡೆದಿದ್ದ ಲಾಟ್‌ಗಳೆಲ್ಲ ಹೋದವು. "ತಮ್ಮಾ, ನಾ ಹೊಡದದ್ದೆಲ್ಲಾ ಎಲ್ಲಿ ಹೋತು?" ಎಂದು ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಬೈಯಲಿಲ್ಲ. ತಂತಿಗೆ ಚುಚ್ಚಿಟ್ಟಿದ್ದ ತೂಕದ ಚೀಟಿಗಳನ್ನು ಒಂದೊಂದೇ ತೆಗೆದು ಕೊಟ್ಟರು. ನಾನು ಓದಿ ಹೇಳಿದೆ, ಅವರು ಹೊಡೆದರು. ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಜೋಡಿಸಿದ ಎಕ್ಸೆಲ್ ನಿಮ್ಮದಲ್ಲ, ಅದನ್ನು ತೆರೆದವರದ್ದು. ಕ್ವಿಟ್ ಬೇಡ, ಕ್ಲೋಸ್ ಬೇಡ, ಡಿಸ್‌ಪ್ಲೇ ಅಲರ್ಟ್ಸ್ ಮುಟ್ಟುವುದೂ ಬೇಡ. ಸ್ಕ್ರಿಪ್ಟ್ ಮುಗಿದಾಗ ಕೈ ಬಿಟ್ಟು ಹೊರಗೆ ಬಂದರೆ ಸಾಕು. ತಾನೇ ತೆರೆದಿದ್ದೋ, ತೆರೆದದ್ದಕ್ಕೆ ಜೋಡಿಸಿದ್ದೋ ಎಂದು ಸ್ಕ್ರಿಪ್ಟಿನ ಶುರುವಿನಲ್ಲೇ ಗುರುತು ಇಟ್ಟುಕೊಳ್ಳಿ. ತಾನೇ ತೆರೆದಿದ್ದರೆ ಮಾತ್ರ ಮುಚ್ಚಲಿ.

ಎಲ್ಲಾ ಸರಿ, ಹೆಸರು ಮಾತ್ರ ಸಿಗುತ್ತಿಲ್ಲ

ನಮ್ಮ ಭಾಗದ ಹಾಳೆಗಳಲ್ಲಿ ಕಡೆಗೆ ಉಳಿಯುವ ತೊಂದರೆ ಕನ್ನಡದ್ದು. ಹಳೆಯ ಫೈಲಿನಲ್ಲಿ ಹಾಳೆಯ ಹೆಸರು ಬಿಜಾಪುರ ಎಂದಿರುತ್ತದೆ, ಸ್ಕ್ರಿಪ್ಟ್ ವಿಜಯಪುರ ಎಂದು ಹುಡುಕುತ್ತದೆ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತು, ಫೈಲುಗಳಲ್ಲಿ ಬದಲಾಗಲಿಲ್ಲ. ಬಾಗಲಕೋಟ, ಬಾಗಲಕೋಟೆ ಎರಡೂ ಒಂದೇ ಕಾಲಂನಲ್ಲಿ ಇರುತ್ತವೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಉಳಿದಿದ್ದರೂ ಹೊಂದುವುದಿಲ್ಲ. ಹಾಳೆಗಳ ಹೆಸರನ್ನೆಲ್ಲ ಒಮ್ಮೆ ಪ್ರಿಂಟ್ ಮಾಡಿಸಿ, ಕಣ್ಣಿಂದ ನೋಡಿ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಕನ್ನಡದ ಬದಲು ಚೌಕ ಅಥವಾ ಪ್ರಶ್ನೆ ಚಿಹ್ನೆ ಬಂದರೆ ಗಾಬರಿ ಬೇಡ. ಯುಟಿಎಫ್-8 ಫೈಲಿಗೆ ಬರೆಸಿ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಇದಕ್ಕಿಂತ ಆಳದ್ದು ನುಡಿ ಫಾಂಟ್. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಹೊಡೆದ ಹೆಸರು ನಮ್ಮ ಕಣ್ಣಿಗೆ ಕನ್ನಡ. ಸೆಲ್ಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವುಗಳಿಗೆ ಕನ್ನಡದ ಆಕಾರ ಕೊಟ್ಟಿರುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ನಿಜವಾದ ಕನ್ನಡ ಅಕ್ಷರಗಳಲ್ಲಿ, ಬರೆದ ಸ್ಕ್ರಿಪ್ಟ್ ಅದರಲ್ಲಿ "ಒಣದ್ರಾಕ್ಷಿ" ಹುಡುಕಿದರೆ ಎಂದೂ ಸಿಗುವುದಿಲ್ಲ. ಆ ಸೆಲ್ ಆರಿಸಿ ಫಾಂಟನ್ನು ತುಂಗಾ ಎಂಬ ಯೂನಿಕೋಡ್ ಫಾಂಟಿಗೆ ಬದಲಿಸಿ ನೋಡಿ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಹಳೆ ಫಾಂಟಿನ ಬರಹ. ಅಂಥ ಹಾಳೆಯನ್ನು ಸೀಸನ್ನಿಗೆ ಮೊದಲೇ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿ. ಒತ್ತಕ್ಷರಗಳಲ್ಲಿ ಕೆಲವು ತಪ್ಪು ಉಳಿಯಬಹುದು. ರೈತರ ಹೆಸರುಗಳನ್ನು ಮುನೀಮರ ಜೊತೆ ಕುಳಿತು ಒಮ್ಮೆ ಓದಿಸಿ. ಅವರಿಗೆ ಪ್ರತಿ ಹೆಸರಿನ ಹಿಂದಿನ ಮನುಷ್ಯ ಗೊತ್ತಿರುತ್ತದೆ, ಯಾವ ಅಕ್ಷರ ತಪ್ಪಿದೆ ಎಂದು ಅವರಷ್ಟು ಬೇಗ ಯಾವ ಸ್ಕ್ರಿಪ್ಟೂ ಹೇಳದು.